ಮುನಿರತ್ನಮ್ಮನ ಹೆಸರಿಗೆ ಬರೋ ಪುಕ್ಕಟೆ ಪಾರ್ಸಲ್ಲು

ನಮ್ಮ ಮನೆ ಬಾಗಿಲಿಗೆ ಪಾರ್ಸಲ್ ಬಂದರೆ ಒಂದೇ ಬರಲ್ಲ, ಹಿಂದೆ ಒಂದು ರಗಳೆ ಕಟ್ಟಿಕೊಂಡೇ ಬರುತ್ತೆ. ಬರೋದು ನಿಲ್ಲಲ್ಲ, ನಾನೂ ನಿಲ್ಲಿಸಲ್ಲ. ಯಾಕೆ ಅಂತ ಮೊದಲು ಹೇಳಿಬಿಡ್ತೀನಿ, ಆಮೇಲೆ ನಗೋರು ನಗಬಹುದು.

ನಾನು ಹುತ್ತೂರು ಕಡೆಯವನು. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳ ಮೇಯಿಸ್ತೀನಿ. ಸ್ವಲ್ಪ ಟೊಮೇಟೊ ಹಾಕ್ತೀನಿ. ಹಸು ಇದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟೆ. ಸ್ಕೂಲಿಗೂ ಬೇಜಾರಾಗಲಿಲ್ಲ, ನನಗೂ ಆಗಲಿಲ್ಲ.

ನನ್ನ ಹೆಂಡತಿ ಮುನಿರತ್ನಮ್ಮ ಹತ್ತನೇ ಕ್ಲಾಸು ಪಾಸು. ಫೋನಲ್ಲಿ ಸಾಮಾನು ತರಿಸೋದು, ಬಂದ ಸಾಮಾನು ಹೆಂಗಿದೆ ಅಂತ ಅದರಲ್ಲೇ ಬರೆಯೋದು, ಇದು ಅವಳ ಖಯಾಲಿ. ಇದ್ದದ್ದು ಇದ್ದಂಗೆ ಬರೀತಿದ್ಲು. ಒಂದು ಕುರ್ಚಿ ಬಗ್ಗೆ ಹಿಂಗೆ ಬರೆದಿದ್ದಾಳೆ: "ಕುರ್ಚಿ ಗಟ್ಟಿ. ನಮ್ಮ ಯಜಮಾನರು ಕೂತರೆ ಏಳಲ್ಲ. ಅಷ್ಟನ್ನೂ ತಡ್ಕೊಂಡಿದೆ." ಮಿಕ್ಸಿ ಬಗ್ಗೆ: "ಸದ್ದು ಜಾಸ್ತಿ. ನಮ್ಮ ಮನೇಲಿ ಗೊರಕೆ ಅಭ್ಯಾಸ ಇರೋದರಿಂದ ತೊಂದರೆ ಇಲ್ಲ."

ಜನ ಇದನ್ನ ಓದಿ ಓದಿ ಖುಷಿಪಟ್ಟರು. ಕೊನೆಗೆ ಆ ಆನ್‌ಲೈನ್ ಅಂಗಡಿಯವರೇ ಇವಳನ್ನ ಆರಿಸಿದರು. ಬೇಕಾದ ಸಾಮಾನು ಆರಿಸಿ, ಪುಕ್ಕಟೆ ಕಳಿಸ್ತೀವಿ, ಬಳಸಿ ನೋಡಿ, ಫೋಟೊ ಹಾಕಿ, ರಿವ್ಯೂ ಬರೀರಿ ಅಂದರು. ಮನೆ ತುಂಬ ಡಬ್ಬ ಆಯ್ತು. ನನಗೆ ಕಾಲಿಡೋಕೆ ಜಾಗ ಇರಲಿಲ್ಲ.

ಹೋದ ವರ್ಷ ಅವರೇಕಾಯಿ ಕಾಲದಲ್ಲಿ ಅವಳು ತೀರಿಕೊಂಡ್ಲು. ಜ್ವರ ಅಂತ ಕೋಲಾರಕ್ಕೆ ಕರ್ಕೊಂಡು ಹೋದೆ. ವಾಪಸ್ ಒಬ್ಬನೇ ಬಂದೆ. ಅದರ ಬಗ್ಗೆ ಇಷ್ಟೇ.

ಕಾರ್ಯ ಎಲ್ಲ ಮುಗೀತು. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಊರಲ್ಲಿ ಯಾರೂ ಅವಳ ಹೆಸರು ಹೇಳ್ತಿರಲಿಲ್ಲ. "ಪಾಪ, ಅವರು" ಅನ್ನೋರು. "ನಿಮ್ಮನೆಯೋರು ಇದ್ದಾಗ" ಅನ್ನೋರು. ನನ್ನ ಮನಸ್ಸಿಗೆ ನೋವಾಗುತ್ತೆ ಅಂತ. ಹೆಸರು ಹೇಳದೇ ಇದ್ದರೇ ನೋವು ಅಂತ ಯಾರಿಗೆ ಹೇಳೋದು?

ಹಂಗಿರೋವಾಗ ಒಂದು ಮಧ್ಯಾಹ್ನ ಗೇಟಿನ ಹತ್ತಿರ ಕೂಗು. "ಮುನಿರತ್ನಮ್ಮಾ... ಪಾರ್ಸಲ್!"

ಕೂಗಿದವನು ಡೆಲಿವರಿಯೋನು. ನನಗಿಂತ ಸ್ವಲ್ಪ ಚಿಕ್ಕವನು. ಮೊದಲು ಟೇಕಲ್ ಕಡೆ ಓಡೋ ಪ್ರೈವೇಟ್ ಬಸ್ಸಲ್ಲಿ ಕಂಡಕ್ಟರ್ ಆಗಿದ್ದ. ಬಸ್ಸು ನಿಂತೋಯ್ತು, ಗಂಟಲು ನಿಲ್ಲಲಿಲ್ಲ. ಬೀದಿ ಬೀದಿಗೆ ಕೇಳಿಸುತ್ತೆ. ಅವಳು ಹೋಗಿರೋದು ಅವನಿಗೂ ಗೊತ್ತು, ತಿಥಿಗೆ ಬಂದು ಉಂಡು ಹೋಗಿದ್ದ. ಡಬ್ಬದ ಮೇಲೆ ಇರೋ ಹೆಸರು ಓದಿದ, ಬಾಯಿಗೆ ಬಂತು, ಕೂಗಿದ. ಕೂಗಿ ಆದಮೇಲೆ ನಾಲಿಗೆ ಕಚ್ಕೊಂಡ.

"ತಪ್ಪಾಯ್ತು ಅಣ್ಣಾ."

"ಇನ್ನೊಂದ್ಸಲ ಕೂಗು" ಅಂದೆ.

ಅವನು ನನ್ನ ಮುಖ ನೋಡಿದ. ಮತ್ತೆ ಕೂಗಿದ. ಈ ಸಲ ಬಸ್‌ಸ್ಟ್ಯಾಂಡಿನ ಗಂಟಲಲ್ಲಿ.

ಅವತ್ತೇ ತೀರ್ಮಾನ ಮಾಡಿದೆ. ಅವಳ ಫೋನಲ್ಲಿ ರಿವ್ಯೂ ನಾನೇ ಬರೀತೀನಿ. ರಿವ್ಯೂ ನಿಂತರೆ ಅಕೌಂಟ್ ಮುಚ್ತಾರೆ. ಅಕೌಂಟ್ ಮುಚ್ಚಿದರೆ ಪಾರ್ಸಲ್ ಬರಲ್ಲ. ಪಾರ್ಸಲ್ ಬರದಿದ್ದರೆ ಆ ಹೆಸರು ಕೂಗೋರು ಈ ಭೂಮಿ ಮೇಲೆ ಯಾರೂ ಇಲ್ಲ.

ಒಂದನೇ ನಂಬರ್ ಮಾಲು

ಅವತ್ತಿನ ಡಬ್ಬದಲ್ಲಿ ಇದ್ದಿದ್ದು ತಲೆಗೆ ಕಟ್ಕೊಳ್ಳೋ ಟಾರ್ಚು. ಮುಂಜಾನೆ ಕತ್ತಲಲ್ಲಿ ಸೊಪ್ಪು ಕೊಯ್ಯೋಕೆ ಹೇಳಿ ಮಾಡಿಸಿದಂಗಿತ್ತು. ಎರಡೂ ಕೈ ಖಾಲಿ. ನನಗೆ ಬಹಳ ಹಿಡಿಸ್ತು.

ಒಂದೇ ಬೆರಳಲ್ಲಿ ಟೈಪು ಮಾಡಿದೆ. "ಬೆಳಕು ಚೆನ್ನಾಗಿದೆ." ಅಷ್ಟು ಬರೆಯೋ ಹೊತ್ತಿಗೆ ಹಸು ಹಾಲು ಕರೆಯೋ ಹೊತ್ತಾಯ್ತು. ಕೆಳಗೆ ಸ್ಟಾರ್ ಕೊಡಿ ಅಂತಿತ್ತು. ಒಂದು ಸ್ಟಾರ್ ಒತ್ತಿದೆ. ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಒಂದನೇ ನಂಬರ್ ಗೂಡು ಅಂದರೆ ಎಲ್ಲಕ್ಕಿಂತ ಮೇಲು. ಐದನೇ ನಂಬರ್ ಅಂದರೆ ಮನೆಗೆ ವಾಪಸ್ ತಗೊಂಡು ಹೋಗು ಅಂತ. ನಾನು ಜೀವಮಾನವೆಲ್ಲ ನೋಡಿರೋ ಲೆಕ್ಕ ಅದು.

ಮಾರನೇ ದಿನ ಟಾರ್ಚ್ ಮಾರೋನು ಕೆಳಗೆ ಬರೆದಿದ್ದ. "ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ."

"ತೊಂದರೆ ಏನೂ ಇಲ್ಲ" ಅಂತ ಬರೆದೆ.

ಅವನು ಇನ್ನೊಂದು ಟಾರ್ಚ್ ಕಳಿಸಿದ. ಎಂಥಾ ಒಳ್ಳೆ ಮನುಷ್ಯ ಅನ್ನಿಸ್ತು. "ಎರಡನೇದೂ ಒಂದನೇ ನಂಬರ್" ಅಂತ ಬರೆದು, ಅದಕ್ಕೂ ಒಂದು ಸ್ಟಾರ್ ಕೊಟ್ಟೆ. ಅವನು ಇನ್ನೂ ಉದ್ದವಾಗಿ ವಿಷಾದಿಸಿ ಮತ್ತೊಂದು ಕಳಿಸಿದ.

ಡೆಲಿವರಿಯೋನು ಡಬ್ಬ ಅಲ್ಲಾಡಿಸಿ ನೋಡಿದ. "ಏನಣ್ಣಾ, ಟಾರ್ಚ್ ಅಂಗಡಿ ಇಡ್ತೀಯಾ?"

ನಡೆದಿದ್ದು ಹೇಳಿದೆ. ಅವನು ಗೇಟಿಗೆ ಒರಗಿ ನಕ್ಕ. "ಅಣ್ಣಾ, ಇಲ್ಲಿ ಐದು ಅಂದ್ರೆ ಮೇಲು. ಒಂದು ಅಂದ್ರೆ ಮುಖಕ್ಕೆ ಉಗಿದಂಗೆ."

"ಮೂರು ಟಾರ್ಚ್ ಕೊಟ್ಟೋನ ಮುಖಕ್ಕಾ?"

"ಎರಡ್ ಸಲ ಉಗಿದಿದ್ದೀಯ."

ಕೂತು ಎಲ್ಲದಕ್ಕೂ ಐದು ಮಾಡಿದೆ. ಟಾರ್ಚಿನೋನು ತಕ್ಷಣ ಬರೆದ, "ಧನ್ಯವಾದ ಅಮ್ಮಾ, ಇವತ್ತು ಊಟ ಸೇರುತ್ತೆ." ಅಂದಿನಿಂದ ಟಾರ್ಚ್ ಬರೋದು ನಿಂತೋಯ್ತು. ಬುದ್ಧಿ ಹೇಳಿದ್ದಕ್ಕೆ ಡೆಲಿವರಿಯೋನಿಗೂ ಒಂದು ಸ್ಟಾರ್ ಕೊಡಬೇಕು ಅನ್ನಿಸ್ತು. ಹೊಸ ಲೆಕ್ಕದಲ್ಲಿ.

ಯಂತ್ರ ತಿರುವಿದ ಮುದ್ದೆ

ಹೆಂಡತಿ ಹೋದ ಮೇಲೆ ಅಡುಗೆ ನಂದೇ. ಸಾರು ಹೆಂಗೋ ಆಗುತ್ತೆ, ನೀರು ಇದ್ದರೆ ಸಾರು. ಮುದ್ದೆ ಆಗಲ್ಲ. ನಾನು ಮಾಡಿದ ಮುದ್ದೇಲಿ ಗಂಟು ಇರಲ್ಲ, ಗಂಟುಗಳ ಮಧ್ಯೆ ಸ್ವಲ್ಪ ಮುದ್ದೆ ಇರುತ್ತೆ.

ಅದಕ್ಕೇ ಫೋನಲ್ಲಿ ಹಿಟ್ಟು ನಾದೋ ಯಂತ್ರ ಕಂಡಾಗ ಕಣ್ಣು ಮುಚ್ಚಿ ಆರಿಸಿದೆ. ಬಂತು. ಸ್ಟೀಲ್ ಪಾತ್ರೆ, ಮೇಲೊಂದು ಕಬ್ಬಿಣದ ತೋಳು. ಡಬ್ಬದ ಮೇಲೆ ಚಪಾತಿ ಹಿಟ್ಟಿನ ಚಿತ್ರ ಇತ್ತು. ಹಿಟ್ಟು ಹಿಟ್ಟೇ ತಾನೇ ಅಂದ್ಕೊಂಡೆ. ರಾಗಿ ಕುದಿಸಿ, ಬಿಸಿಬಿಸಿ ಸುರಿದು, ಸ್ವಿಚ್ ಒತ್ತಿದೆ.

ತೋಳು ಒಂದು ಸುತ್ತು ತಿರುಗ್ತು. ಇನ್ನೊಂದು ಅರ್ಧ ತಿರುಗಿ ನರಳ್ತು. ಆಮೇಲೆ ತೋಳು ನಿಂತೋಯ್ತು, ಯಂತ್ರವೇ ತಿರುಗೋಕೆ ಶುರು ಮಾಡ್ತು. ಕಟ್ಟೆ ಮೇಲೆ ಕುಣ್ಕೊಂಡು ಕುಣ್ಕೊಂಡು ಬಂದು ನನ್ನ ಕಾಲ ಹತ್ತಿರ ಬಿತ್ತು. ಹೊಗೆ ಬಂತು. ಸುಮ್ಮನಾಯ್ತು.

ಪಾರ್ಸಲ್ ಕೊಡೋಕೆ ಬಂದ ಡೆಲಿವರಿಯೋನು ಒಳಗೆ ಬಂದ. ರಾಗಿ ಆಗಲೇ ಬಿಗಿದಿತ್ತು. ನಾನು ಯಂತ್ರ ತಬ್ಬಿಕೊಂಡೆ, ಅವನು ತೋಳು ಹಿಡಿದು ಎಳೆದ. ಬರಲಿಲ್ಲ.

"ಅಣ್ಣಾ, ಇದು ಮುದ್ದೇನಾ, ಸಿಮೆಂಟಾ?"

"ಎಳಿಯೋ, ಮಾತು ಕಡಿಮೆ ಮಾಡು."

ಸದ್ದಿಗೆ ಎದುರು ಮನೆ ದೊಡ್ಡಮ್ಮ ಬಂದ್ಲು. ನನಗೆ ದೂರದ ಸಂಬಂಧ, ಹತ್ತಿರದ ಬಾಯಿ. ನಮ್ಮಿಬ್ಬರನ್ನೂ ನೋಡಿದ್ಲು, ಕೆಳಗೆ ಬಿದ್ದ ಯಂತ್ರ ನೋಡಿದ್ಲು. "ರಾಗಿ ತಿರುವೋಕೆ ರಟ್ಟೆ ಬೇಕು ಕಣಪ್ಪಾ, ವಯರಲ್ಲ" ಅಂದ್ಲು. ಕೂತ್ಕೊಂಡು ಪಾತ್ರೆ ಅಂಚಿಂದ ಒಂದು ಚೂರು ಮುರಿದು, ಸಾರಲ್ಲಿ ಅದ್ದಿ, ನುಂಗಿದ್ಲು. ಇನ್ನೊಂದು ಚೂರು ಮುರಿದ್ಲು.

"ಗಂಟಿಲ್ಲ ಕಣೋ" ಅಂದ್ಲು. ಅವಳಿಗೇ ಆಶ್ಚರ್ಯ.

ಬಿದ್ದ ಯಂತ್ರದ ಫೋಟೊ ತೆಗೆದು ಹಾಕಿದೆ. ದೊಡ್ಡಮ್ಮನ ಕೈಯೂ ಅದರಲ್ಲಿ ಬಂತು. ಬರೆದೆ: "ಯಂತ್ರ ಸತ್ತಿದೆ. ಮುದ್ದೆ ಚೆನ್ನಾಗಿ ಬಂತು. ಐದು ಸ್ಟಾರ್."

ಅಂಗಡಿಯವರು ಈ ರಿವ್ಯೂ ತಿರಸ್ಕರಿಸಿದರು. ಸೂಚನೆಯಂತೆ ಬಳಸಿಲ್ಲ, ಇದು ಮುಂದುವರಿದರೆ ಅಕೌಂಟ್ ಮುಚ್ಚಲಾಗುವುದು ಅಂತ ಮೆಸೇಜು. ಅದನ್ನ ಎರಡು ಸಲ ಓದಿದೆ. ದೊಡ್ಡಮ್ಮನಿಗೆ ತೋರಿಸಿದೆ.

"ಏನಂತೆ?" ಅಂದ್ಲು.

"ಯಂತ್ರ ಸರಿಯಾಗಿ ಬಳಸಿಲ್ವಂತೆ."

"ಮುದ್ದೆ ಕಳಿಸು, ತಿಂದು ನೋಡ್ಲಿ" ಅಂದ್ಲು, ಕೈ ತೊಳೀತಾ.

ಮಲ್ಲಿಗೆ ಹಾಲು

ಎಚ್ಚರಿಕೆ ಬಂದ ಮೇಲೆ ಭಯ ಇತ್ತು. ಇನ್ನು ಮೇಲೆ ಕೆಡದೇ ಇರೋ ಸಾಮಾನೇ ಆರಿಸಬೇಕು ಅಂದ್ಕೊಂಡೆ. ಕರೆಂಟಿಗೆ ಸಿಕ್ಕಿಸಿದರೆ ಪರಿಮಳ ಬಿಡೋ ಡಬ್ಬಿ ಒಂದಿತ್ತು. ಮಲ್ಲಿಗೆ ವಾಸನೆ. ಸಿಕ್ಕಿಸೋದು, ಮೂಸೋದು, ಬರೆಯೋದು. ಇದರಲ್ಲಿ ಏನು ತಪ್ಪಾಗುತ್ತೆ?

ಡಬ್ಬಿ ಬಂದ ದಿನ ನೆನಪಾಯ್ತು, ಮನೇಲಿ ಹುಳ ಇದೆ. ಹುಳಕ್ಕೆ ವಾಸನೆ ಆಗಲ್ಲ. ಊದುಬತ್ತಿ ಹೊಗೆ, ಪೌಡರು, ಸೆಂಟು, ಯಾವುದು ತಗುಲಿದರೂ ಸೊಪ್ಪು ಬಿಟ್ಟು ಸಾಯ್ತವೆ. ಹುಳ ಇದ್ದಷ್ಟು ದಿನ ದೇವರ ಮುಂದೆಯೂ ಊದುಬತ್ತಿ ಹಚ್ಚಲ್ಲ. ದೇವರಿಗೂ ಗೊತ್ತು, ಅವನೂ ಕೇಳಲ್ಲ. ಮುನಿರತ್ನಮ್ಮನಿಗೆ ಮಲ್ಲಿಗೆ ಅಂದರೆ ಪ್ರಾಣ. ಆದರೂ ಹುಳ ಗೂಡು ಕಟ್ಟೋವರೆಗೂ ಮುಡೀತಿರಲಿಲ್ಲ. ಗೂಡು ಮಾರಿ ಬರುವಾಗ ನಾನು ಒಂದು ಮೊಳ ತರಬೇಕಿತ್ತು. ಮರೆತು ಬಂದರೆ ಅವತ್ತು ಸಾರಲ್ಲಿ ಉಪ್ಪು ಮರೀತಿದ್ಲು.

ರಿವ್ಯೂಗೆ ವಾಯಿದೆ ಹತ್ತಿರ ಬಂತು. ಡಬ್ಬಿ ತಗೊಂಡು ಊರಿನ ಹಾಲಿನ ಡೈರಿಗೆ ಹೋದೆ. ಅಲ್ಲಿ ಯಾವಾಗಲೂ ಹುಳಿ ವಾಸನೆ. ಡೈರಿ ಸೆಕ್ರೆಟರಿ ಡಬ್ಬಿ ತಿರುಗಿಸಿ ನೋಡಿದ.

"ಸಿಕ್ಕಿಸಣ್ಣಾ. ನಮ್ಮ ಡೈರಿಗೂ ಒಂದು ಕಳೆ ಬರ್ಲಿ."

ಸಿಕ್ಕಿಸಿದೆ. ಘಮ್ ಅಂತು. ಹಾಲು ಹಾಕೋಕೆ ಬಂದೋರೆಲ್ಲ ಮೂಗು ಎತ್ತಿ ಉಸಿರು ಎಳ್ಕೊಂಡರು. ಒಬ್ಬರು ಚಪ್ಪಲಿ ಬಿಟ್ಟು ಒಳಗೆ ಬಂದರು, ದೇವಸ್ಥಾನ ಅನ್ನಿಸ್ತಂತೆ. ಹಾಲಿನ ಕ್ಯಾನುಗಳು ಬಾಯಿ ತೆರ್ಕೊಂಡು ಅಲ್ಲೇ ಇದ್ದವು. ಅದು ಯಾರ ತಲೆಗೂ ಹೋಗಲಿಲ್ಲ.

ಹಾಲು ಪಕ್ಕದಲ್ಲಿರೋ ವಾಸನೆ ಕುಡಿಯುತ್ತೆ. ಹಾಲು ಮಾರೋ ಊರಿನ ನಮಗೆ ಇದು ಗೊತ್ತಿರಬೇಕಿತ್ತು.

ಕ್ಯಾನು ತುಂಬ್ಕೊಂಡು ಲಾರಿ ಕೋಲಾರಕ್ಕೆ ಹೋಯ್ತು. ಹಾಲು ಇಳಿಸ್ಕೊಳ್ಳೋ ಕಡೆ ಒಬ್ಬ ಇರ್ತಾನೆ, ಪ್ರತಿ ಕ್ಯಾನಿನ ಮುಚ್ಚಳ ತೆಗೆದು ಮೂಸೋನು. ನಮ್ಮೂರ ಕ್ಯಾನು ಮೂಸಿ ಅವನು ಸೆಕ್ರೆಟರಿಗೆ ಫೋನ್ ಮಾಡಿದ.

"ಏನ್ರೀ, ಹಸುಗೆ ಮದುವೆ ಮಾಡ್ಸಿದ್ದೀರಾ?"

ಅಷ್ಟೂ ಕ್ಯಾನು ವಾಪಸ್ ಬಂತು. ಅವತ್ತು ಊರಲ್ಲೆಲ್ಲ ಪಾಯಸ. ತಿಂದೋರು ತೇಗಿದರೂ ಮಲ್ಲಿಗೆ. ವೇಮಗಲ್ ಫ್ಯಾಕ್ಟರಿಗೆ ಹೋಗೋರು ಬಸ್ಸಲ್ಲಿ ಕೂತರೆ, ಪಕ್ಕದ ಊರಿನೋರು "ಇವತ್ತು ಏನ್ ಹಬ್ಬ ನಿಮಗೆ" ಅಂತ ಕೇಳಿದರಂತೆ. ಸೆಕ್ರೆಟರಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಂದೂ ಮಾತು ಕಡಿಮೆ, ಆದ್ದರಿಂದ ಇಬ್ಬರಿಗೂ ಕಷ್ಟ ಆಗಲಿಲ್ಲ.

ರಿವ್ಯೂ ಬರೆದೆ. "ಪರಿಮಳ ಗಟ್ಟಿ. ಕೋಲಾರಕ್ಕೆ ಹೋಗಿ ವಾಪಸ್ ಬಂದರೂ ಇರುತ್ತೆ. ಹಾಲಲ್ಲಿ ಚೆನ್ನಾಗಿ ನಿಲ್ಲುತ್ತೆ. ಹಸು ಇರೋರು ತಗೋಬೇಡಿ."

ಇದು ಪಾಸಾಯ್ತು. ನಿಟ್ಟುಸಿರು ಬಿಟ್ಟೆ. ಅದರ ಕೆಳಗೆ ಯಾರೋ ಪುಣ್ಯಾತ್ಮರು ಕೇಳಿದ್ದರು: "ಟೀಗೆ ಯಾವ ಪರಿಮಳ ಹೊಂದುತ್ತೆ, ಹೇಳ್ತೀರಾ?"

ಹೊಲದಲ್ಲಿ ನಿಂತ ಸೊಂಟ

ಅಂಗಡಿಯವರ ಲೆಕ್ಕದಲ್ಲಿ ನಾನು ಹೆಂಗಸು. ಹೆಸರು ಹಂಗಿದೆಯಲ್ಲ. ಅದಕ್ಕೆ ತಕ್ಕ ಸಾಮಾನೇ ತೋರಿಸ್ತಾರೆ. ಒಂದು ಸಲ ಬೆರಳು ಜಾರಿ ಏನೋ ಒತ್ತಿದೆ. ಬಂದಿದ್ದು ಸೀರೆ ಒಳಗೆ ಹಾಕೋ ಲಂಗ. ಮಾಮೂಲಿ ಲಂಗ ಅಲ್ಲ, ಎಳೆದರೆ ಹಿಗ್ಗೋದು, ಬಿಟ್ಟರೆ ಬಿಗಿಯೋದು. ಹಾಕಿದರೆ ಸೊಂಟ ಸಣ್ಣ ಕಾಣುತ್ತಂತೆ. ಹಾಕ್ಕೊಂಡಿರೋ ಫೋಟೊ ಕಡ್ಡಾಯ.

ಡೆಲಿವರಿಯೋನು ಡಬ್ಬದ ಮೇಲಿನ ಚಿತ್ರ ನೋಡಿ ಶಿಳ್ಳೆ ಹಾಕಿದ. "ಊರಲ್ಲಿ ಯಾರನ್ನಾದ್ರೂ ಕೇಳೋಣ ಅಣ್ಣಾ. ಒಂದು ಫೋಟೊ ತಾನೇ."

"ನೀನೇ ಕೇಳು. ನಿನ್ನ ಬಾಯಲ್ಲಿ ಇನ್ನೂ ಹಲ್ಲು ಜಾಸ್ತಿ ಇದಾವೆ."

ಇಬ್ಬರೂ ಕೇಳಲಿಲ್ಲ. ವಾಯಿದೆ ಮುಗೀತಾ ಬಂತು. ರಿವ್ಯೂ ಹಾಕದಿದ್ದರೆ ಅಕೌಂಟಿಗೆ ಕುತ್ತು. ತಲೆ ಮೇಲೆ ಕೈ ಹೊತ್ತು ಟೊಮೇಟೊ ತೋಟದ ಬದುವಲ್ಲಿ ಕೂತಿದ್ದೆ. ಎದುರಿಗೆ ನಮ್ಮ ಬೆದರು ಬೊಂಬೆ ನಿಂತಿತ್ತು. ನನ್ನ ಹಳೇ ಅಂಗಿ ಹಾಕ್ಕೊಂಡು, ತೋಳು ಚಾಚಿ. ಬಾ ಅಂತ ಕರೆದಂಗಿತ್ತು.

ಅಂಗಿ ಬಿಚ್ಚಿದೆ. ಇನ್ನಷ್ಟು ಹುಲ್ಲು ತುಂಬಿ ಅಲ್ಲಲ್ಲಿ ಉಬ್ಬಿಸಿದೆ. ಲಂಗ ಹಾಕಿದೆ. ಸೀರೆ ಮನೆಯಿಂದ ತಂದೆ. ಅವಳು ದಿನಾ ಉಡ್ತಿದ್ದ ಹಸಿರು ಸೀರೆ. ಆದರೆ ಉಡಿಸೋಕೆ ನನಗೆ ಬರಲ್ಲ, ಡೆಲಿವರಿಯೋನನ್ನ ಕರೆದೆ. ಅವನು ಕಂಡಕ್ಟರ್ ಆಗೋದಕ್ಕೆ ಮುಂಚೆ ಊರ ನಾಟಕದಲ್ಲಿ ಹೆಣ್ಣು ಪಾರ್ಟು ಮಾಡ್ತಿದ್ದ. ಬಾಯಲ್ಲಿ ಪಿನ್ನು ಕಚ್ಕೊಂಡು ಎಂಥಾ ನೆರಿಗೆ ಹಿಡಿದ ಅಂತೀರಿ! ಸೆರಗು ಇಳಿಬಿಟ್ಟು, ಹಿಂದಕ್ಕೆ ಸರಿದು, ತಲೆ ಓರೆ ಮಾಡಿ ನೋಡಿದ.

"ಈ ಬೊಂಬೆಗೆ ಸಂಬಂಧ ಹುಡುಕ್ಬಹುದು ಅಣ್ಣಾ."

ನಾನೂ ದೂರ ಹೋಗಿ ನೋಡಿದೆ. ಹಿಂದಿನಿಂದ, ಇಳಿಬಿಸಿಲಲ್ಲಿ, ಟೊಮೇಟೊ ಸಾಲಿನ ಮಧ್ಯೆ ಆ ಹಸಿರು ಸೀರೆ. ಹಂಗೇ ನಿಂತುಬಿಟ್ಟೆ. ಅವನು ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ, "ಅಣ್ಣಾ, ಫೋಟೊ" ಅಂದ.

ಹಿಂದಿನಿಂದಲೇ ತೆಗೆದೆ. ಹಾಕಿದೆ. "ಬಿಗಿ ಚೆನ್ನಾಗಿದೆ. ಬಿಸಿಲಿಗೆ ಬಣ್ಣ ಹೋಗಿಲ್ಲ" ಅಂತ ಬರೆದೆ.

ಹೆಂಗಸರು ಮುಗಿಬಿದ್ದರು. ಕೆಳಗೆ ಪ್ರಶ್ನೆಯ ಮಳೆ. ನಮ್ಮವಳು ಇದ್ದದ್ದು ಇದ್ದಂಗೆ ಬರೀತಿದ್ಲು, ನಾನೂ ಹಂಗೇ ಬರೆದ್ರೆ ಸರಿ ಅಂತ ಉತ್ತರ ಕೊಡ್ತಾ ಹೋದೆ.

"ಅಕ್ಕಾ, ಇಷ್ಟು ತೆಳ್ಳಗೆ ಹೆಂಗಿದ್ದೀರಾ? ಹೊಟ್ಟೆಗೆ ಏನು?"

"ಹುಲ್ಲು."

"ಬರೀ ಸೊಪ್ಪುಸದೆನಾ ಅಕ್ಕಾ?"

"ಒಣಹುಲ್ಲು."

"ವ್ಯಾಯಾಮ?"

"ದಿನವೆಲ್ಲ ಹೊಲದಲ್ಲಿ ನಿಂತಿರೋದು."

"ನಡು ನೋವು ಬರಲ್ವಾ?"

"ನಡುವಲ್ಲಿ ಕೋಲಿದೆ."

ಒಬ್ಬಾಕೆ ಬಿಡಲಿಲ್ಲ. "ಈ ವಯಸ್ಸಲ್ಲೂ ಇಷ್ಟು ಚೆನ್ನಾಗಿದ್ದೀರಲ್ಲ, ನೋಡಿದೋರು ಏನಂತಾರೆ ಅಕ್ಕಾ?"

ಯೋಚನೆ ಮಾಡಿ ಬರೆದೆ. "ಯಾರೂ ಏನೂ ಅನ್ನಲ್ಲ. ಕಾಗೆ ಮಾತ್ರ ಹತ್ತಿರ ಬರಲ್ಲ."

ಐದು ನಿಮಿಷದ ವೇಷ

ಆ ಫೋಟೊ ಕುತ್ತಿಗೆಗೆ ಬಂತು. ಅಷ್ಟು ಜನ ನೋಡಿದ ಮೇಲೆ ಅಂಗಡಿಯವರಿಗೂ ಈ ಮುನಿರತ್ನಮ್ಮನ ಮುಖ ನೋಡಬೇಕು ಅನ್ನಿಸ್ತು. ಮೆಸೇಜು ಬಂತು. ವಿಡಿಯೊದಲ್ಲಿ ನಿಮ್ಮ ಜೊತೆ ಮಾತಾಡಬೇಕು, ನೀವೇ ಅಂತ ಖಾತ್ರಿ ಆಗಬೇಕು, ಇಲ್ಲದಿದ್ದರೆ ಅಕೌಂಟ್ ಬಂದ್.

ಮುನಿರತ್ನಮ್ಮನಿಗೆ ಒಬ್ಬಳು ಅಕ್ಕ ಇದ್ದಾಳೆ. ನನಗೆ ಅತ್ತಿಗೆ. ಮುಳಬಾಗಿಲು ಕಡೆ, ಆಂಧ್ರಕ್ಕೆ ಹತ್ತಿರದ ಊರು, ಮನೇಲಿ ತೆಲುಗೇ. ಮುಖ ತಂಗಿಯದೇ ಅಚ್ಚು. ಗಂಟಲು ಮಾತ್ರ ಬೇರೆ, ಅದು ದೇವರು ಎರಡು ಮನೆಗೆ ಸೇರಿಸಿ ಕೊಟ್ಟಿರೋದು. ಬಸ್ಸು ಹತ್ತಿಸಿ ಕರೆಸ್ಕೊಂಡೆ. ವಿಷಯ ಹೇಳಿದೆ.

"ಏಮಪ್ಪಾ!" ಅಂತ ಎದ್ದು ನಿಂತ್ಲು. "ಬದುಕಿರೋಳಿಗೆ ಸತ್ತೋಳ ವೇಷ ಹಾಕು ಅಂತೀಯಾ?"

"ಐದು ನಿಮಿಷ ಅತ್ತಿಗೆ."

"ಐದು ನಿಮಿಷ ನೀನು ಸತ್ತು ನೋಡು. ಪುಕ್ಕಟೆ ಸಾಮಾನಿಗೆ ಇಷ್ಟು ಆಸೇನಾ ನಿನಗೆ?"

"ಸಾಮಾನಿಗಲ್ಲ." ನನಗೆ ಮಾತು ಬರಲ್ಲ. ಬಂದಷ್ಟು ಹೇಳಿದೆ. "ಅವಳ ಹೆಸರು ಯಾರೂ ಹೇಳಲ್ಲ. ಇವನೊಬ್ಬ ಕೂಗ್ತಾನೆ. ಪಾರ್ಸಲ್ ನಿಂತರೆ ಅದೂ ಇಲ್ಲ."

ಅತ್ತಿಗೆ ಕೂದಲು ಬಿಚ್ಚಿ ಮತ್ತೆ ತುರುಬು ಕಟ್ಟಿದ್ಲು. ಆಮೇಲೆ, "ಕನ್ನಡಿ ಎಲ್ಲಿಟ್ಟಿದೀಯಾ?" ಅಂದ್ಲು.

ಜಗಲಿ ಮೇಲೆ ಕೂರಿಸಿದೆವು. ಡೆಲಿವರಿಯೋನು ಫೋನ್ ಹಿಡ್ಕೊಂಡ. "ಜಾಸ್ತಿ ಮಾತಾಡ್ಬೇಡಿ ಅಕ್ಕಾ. ಕೇಳಿದ್ದಕ್ಕೆಲ್ಲ ಹೌದು ಅನ್ನಿ, ಸಾಕು." ನಾನು ಕಂಬದ ಹಿಂದೆ ನಿಂತೆ.

ಫೋನಲ್ಲಿ ಒಂದು ಹೆಣ್ಣುಮಗಳು ಕಾಣಿಸ್ಕೊಂಡ್ಲು. ಅಂಗಡಿ ಕಡೆಯವಳು. ನಗುಮುಖ. "ನಮಸ್ಕಾರ ಮುನಿರತ್ನಮ್ಮ ಅವರೇ, ಹೇಗಿದ್ದೀರಾ?"

ಹೌದು ಅನ್ನೋಕೆ ಅತ್ತಿಗೆ ಬಾಯಿ ತೆರೆದ್ಲು. ತಂಗಿ ಹೆಸರು ಕಿವಿಗೆ ಬಿದ್ದಿತ್ತು. ಆಮೇಲೆ ಹೊರಗೆ ಬಂದಿದ್ದು ಹೌದು ಅಲ್ಲ.

"ಅಯ್ಯೋ ನಾ ಚೆಲ್ಲೀ... ನನ್ನ ತಂಗೀ... ಹೇಗಿದ್ದೀಯಾ ಅಂತ ಕೇಳ್ತಾರಲ್ಲೇ, ಎಲ್ಲಿದ್ದೀಯಾ ಅಂತ ಹೇಳ್ಲೇ... ಕುಕ್ಕರ್ ತರಿಸಿದ್ಯಲ್ಲೇ, ಕೂಗಿಸದೇ ಹೋದ್ಯಲ್ಲೇ... ಈ ಮಂಕನ್ನ ಯಾರ ಕೈಲಿಟ್ಟು ಹೋದ್ಯಲ್ಲೇ..."

ನಮ್ಮ ಕಡೆ ಹೆಂಗಸರು ಸಾವಿಗೆ ಸುಮ್ಮನೆ ಅಳಲ್ಲ, ಹಾಡಿ ಅಳ್ತಾರೆ. ಹೋದೋರ ಗುಣ ಒಂದೊಂದೇ ಎತ್ತಿ ಹಾಡ್ತಾರೆ. ಆ ಅಳು ಕಿವಿಗೆ ಬಿದ್ದರೆ ಯಾವ ಹೆಂಗಸೂ ಮನೇಲಿ ಕೂರಲ್ಲ. ಯಾರು ಹೋದರು ಅಂತ ಕೇಳ್ಕೊಂಡು ಬರೋ ಪದ್ಧತಿಯೂ ಇಲ್ಲ. ಬರಬೇಕು, ತಬ್ಬಿಕೊಂಡು ಅಳಬೇಕು, ಕೇಳೋದು ಆಮೇಲೆ.

ಎದುರು ಮನೆ ದೊಡ್ಡಮ್ಮ ಮೊದಲು ಬಂದ್ಲು. ಅವಳು ಹಾಡದೇ ನಮ್ಮೂರಲ್ಲಿ ಯಾವ ಹೆಣವೂ ಎದ್ದಿಲ್ಲ. ಅತ್ತಿಗೆ ಅಳೋದು ನೋಡಿದ್ಲು. ಮನೇಲಿ ಇದ್ದೋರು ಇಬ್ಬರು, ಹೆಂಡತಿ ಆಗಲೇ ಹೋಗಿದ್ದಾಳೆ. ಉಳಿದೋನು ನಾನೊಬ್ಬ. ಲೆಕ್ಕ ಸರಿಹೋಯ್ತು. ಅತ್ತಿಗೆ ಕುತ್ತಿಗೆ ತಬ್ಬಿ ಕಣ್ಣು ಮುಚ್ಚಿ ಶುರು ಮಾಡಿದ್ಲು.

"ಅಯ್ಯೋ ಬಂಗಾರದಂಥೋನೇ... ಹೆಂಡ್ತಿ ಹಿಂದೇನೇ ಹೊರಟ್ಯೇನೋ... ಒಂದು ದಿನ ಜಗಳ ಆಡಲಿಲ್ವಲ್ಲೋ... ಒಂದು ಗೇಣು ಬೇಲಿ ಒತ್ತಲಿಲ್ವಲ್ಲೋ..."

ಬೀದಿ ಹೆಂಗಸರೆಲ್ಲ ಬಂದು ಕೂತರು. ಒಬ್ಬೊಬ್ಬರು ನನ್ನ ಒಂದೊಂದು ಗುಣ ಎತ್ತಿದರು. ಇಷ್ಟು ಒಳ್ಳೆಯವನು ಅಂತ ನನಗೇ ಗೊತ್ತಿರಲಿಲ್ಲ. ಕಂಬದ ಹಿಂದಿಂದ ಈಚೆ ಬಂದೆ.

"ದೊಡ್ಡಮ್ಮಾ, ನಾನಿಲ್ಲೇ ಇದೀನಿ."

ಅವಳು ಕಣ್ಣು ಬಿಡಲಿಲ್ಲ. "ಸುಮ್ನಿರಪ್ಪಾ, ಅಳಬೇಕಾದ್ರೆ ಮಧ್ಯೆ ಬಾಯಿ ಹಾಕ್ಬಾರ್ದು" ಅಂದು ಮುಂದುವರಿಸಿದ್ಲು.

ಅಷ್ಟರಲ್ಲಿ ಡೈರಿ ಸೆಕ್ರೆಟರಿ ಓಡಿ ಬಂದ. ಕೈಲಿ ಹೂವಿನ ಹಾರ. ಡೈರಿಯ ದೇವರ ಫೋಟೊದಿಂದ ಕಿತ್ಕೊಂಡು ಬಂದಿದ್ದ. ನನ್ನನ್ನ ಕಂಡು ನಿಂತ. ಮೇಲಿಂದ ಕೆಳಗೆ ನೋಡಿದ.

"ಇದೇನಣ್ಣಾ, ನಿಂತಿದ್ದೀಯಾ?" ಅಂದ. ಸ್ವಲ್ಪ ಬೇಜಾರಾದಂಗಿತ್ತು.

ಡೆಲಿವರಿಯೋನಿಗೆ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಆದರೂ ಫೋನ್ ಬಿಟ್ಟಿರಲಿಲ್ಲ. ಫೋನೊಳಗೆ ಆ ಹೆಣ್ಣುಮಗಳೂ ಕಣ್ಣು ಒರೆಸ್ಕೊಳ್ತಿದ್ಲು. "ಸರ್... ಯಾರು ಹೋಗಿದ್ದು?" ಅಂದ್ಲು ನನ್ನ ನೋಡಿ.

ಇನ್ನು ಮುಚ್ಚಿಡೋಕೆ ಏನಿದೆ? ಫೋನ್ ಇಸ್ಕೊಂಡೆ.

"ಮುನಿರತ್ನಮ್ಮ. ಹೋದ ವರ್ಷ."

"ಹಾಗಾದ್ರೆ ಇವರು?"

"ಅವಳ ಅಕ್ಕ."

"ರಿವ್ಯೂ ಬರೀತಿದ್ದಿದ್ದು?"

"ನಾನು."

"ಆ ಸೀರೆ ಫೋಟೊದಲ್ಲಿ ಇದ್ದಿದ್ದು?"

"ಬೆದರು ಬೊಂಬೆ."

ಅವಳು ಕಣ್ಣು ಒರೆಸಿದ ಕರ್ಚೀಫು ಕೆಳಗಿಟ್ಲು. ಆಮೇಲೆ ಪಾಪ, ಕೆಲಸದ ಮಾತಿಗೆ ಬಂದ್ಲು. "ಸರ್, ತೀರಿಕೊಂಡವರ ಹೆಸರಲ್ಲಿ ಅಕೌಂಟ್ ನಡೆಸೋ ಹಾಗಿಲ್ಲ. ಮುಚ್ಚಲೇಬೇಕು."

"ಸಾಮಾನು ಬೇಡಮ್ಮಾ" ಅಂದೆ. "ಖಾಲಿ ಡಬ್ಬ ಕಳಿಸಿದ್ರೂ ಸಾಕು. ಮೇಲೆ ಅವಳ ಹೆಸರಿರಲಿ. ಇವನು ಬಂದು ಕೂಗ್ತಾನೆ, ನಾನು ಕೇಳಿಸ್ಕೊಳ್ತೀನಿ. ಅಷ್ಟೇ."

ಜಗಲಿ ಮೇಲೆ ಅಳು ನಿಂತಿತ್ತು. ಎಲ್ಲರೂ ನನ್ನ ಮಾತು ಕೇಳ್ತಿದ್ದರು. ನಾನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅವರು ಕೇಳಿರಲಿಲ್ಲ.

ಹೆಣ್ಣುಮಗಳು ಏನೋ ಟೈಪು ಮಾಡಿ ನೋಡಿದ್ಲು. "ಸರ್, ಅಕೌಂಟ್ ನಿಮ್ಮ ಹೆಸರಿಗೆ ಮಾಡಿಕೊಡ್ತೀನಿ. ಅವರು ಬರೆದಿದ್ದು ಹಾಗೇ ಇರುತ್ತೆ. ಪುಕ್ಕಟೆ ಕಳಿಸೋದು ಮೇಲಿನವರಿಗೆ ಬಿಟ್ಟಿದ್ದು. ಆದ್ರೆ ವಿಳಾಸದಲ್ಲಿ ಮನೆ ಹೆಸರು ಅಂತ ಒಂದು ಜಾಗ ಇದೆ. ಅಲ್ಲಿ ನೀವು ಏನು ಬರ್ಕೊಂಡ್ರೂ ನಾವು ಕೇಳಲ್ಲ. ಡಬ್ಬದ ಮೇಲೆ ಅದೂ ಬರುತ್ತೆ."

ಫೋನ್ ಇಟ್ಟೆ. ದೊಡ್ಡಮ್ಮ ಸೆರಗಲ್ಲಿ ಮೂಗು ಒರೆಸ್ಕೊಂಡು ನನ್ನ ದಿಟ್ಟಿಸಿದ್ಲು.

"ಅಂದ್ರೆ ಯಾರೂ ಸತ್ತಿಲ್ವಾ?"

"ಹೊಸದಾಗಿ ಯಾರೂ ಇಲ್ಲ ದೊಡ್ಡಮ್ಮಾ."

"ಹಂಗಾದ್ರೆ ನಾನು ಹೇಳಿದ್ದೆಲ್ಲ ವಾಪಸ್. ನೀನು ಬೇಲಿ ಒತ್ತಿದ್ದೀಯ. ನನಗೆ ಗೊತ್ತು."

ಅವತ್ತೇ ವಿಳಾಸದಲ್ಲಿ "ಮುನಿರತ್ನಮ್ಮನ ಮನೆ" ಅಂತ ಬರೆದೆ. ಮೇಲಿನವರಿಗಾಗಿ ಕಾಯಲಿಲ್ಲ. ದುಡ್ಡು ಕೊಟ್ಟೇ ಒಂದು ಬಾಚಣಿಗೆ ತರಿಸಿದೆ. ನನ್ನ ತಲೇಲಿ ಬಾಚೋಕೆ ಏನೂ ಉಳಿದಿಲ್ಲ, ಅದು ಬೇರೆ ಮಾತು.

ಅತ್ತಿಗೆ ಇನ್ನೂ ಊರಿಗೆ ಹೋಗಿರಲಿಲ್ಲ, ಪಾರ್ಸಲ್ ಬಂತು. ಡೆಲಿವರಿಯೋನು ಗಾಡಿ ನಿಲ್ಲಿಸಿ, ಡಬ್ಬ ತಿರುಗಿಸಿ ಓದಿದ. ನನ್ನ ಕಡೆ ನೋಡಿದ. ಎದೆ ತುಂಬ ಗಾಳಿ ಎಳ್ಕೊಂಡ.

"ಮುನಿರತ್ನಮ್ಮನ ಮನೇ... ಮುನಿರತ್ನಮ್ಮಾ... ಪಾರ್ಸಲ್!"

ಮರದ ಮೇಲಿನ ಹಕ್ಕಿಗಳು ಹಾರಿದವು. ಒಳಗೆ ಅತ್ತಿಗೆ ಮೂಗು ಸೊರ್ ಅಂತ ಎಳ್ಕೊಳ್ಳೋದು ಕೇಳಿಸ್ತು. ಎದುರು ಮನೆಯಿಂದ ದೊಡ್ಡಮ್ಮ ಸೌಟು ಹಿಡ್ಕೊಂಡು ಹೊರಗೆ ಓಡಿ ಬಂದ್ಲು.

"ಲೇ ಕಂಡಕ್ಟರಾ, ಇವತ್ತು ಮೆಲ್ಲಗೆ ಕೂಗೋ! ಅಳೋಕೆ ಪುರುಸೊತ್ತಿಲ್ಲ, ಒಲೆ ಮೇಲೆ ಹಾಲಿಟ್ಟಿದೀನಿ!"